ಹನ್ನೊಂದನೆಯ ಪ್ಯಾರಾ

ಸಾಯನ್ ಕೋಳಿವಾಡ, ಮುಂಬಯಿ
ಮಾರ್ಚ್ 8, ಭಾನುವಾರ

ಹಾಲವ್ವ ಅತ್ತೆಯವರಿಗೆ ವಿನೋದಿನಿಯ ನಮಸ್ಕಾರಗಳು.

ಈ ಕಾಗದವನ್ನು ನಿಮ್ಮ ಕೆಳಗಿನ ಮಾಳಿಗೆಯ ಶರಣವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಅವಳು ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ನಮ್ಮ ಆಸ್ಪತ್ರೆಗೆ ಬರುವವಳಿದ್ದಾಳೆ. ಫೋನಿನಲ್ಲಿ ಹೇಳಬಹುದಿತ್ತು ಎಂದು ನೀವು ಅಂದುಕೊಳ್ಳಬಹುದು. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀವು "ಆರಾಮ ಅದೀನವಾ, ಕೂಸು ಉಂಡೈತಿಲ್ಲೋ?" ಎಂದು ಕೇಳಿ, ನಾನು ಉತ್ತರ ಕೊಡುವಷ್ಟರಲ್ಲಿ ಇಟ್ಟುಬಿಟ್ಟಿರಿ. ನಿಮ್ಮ ಅಳು ನನಗೆ ಕೇಳಿಸಬಾರದು ಎಂದು ಇಟ್ಟಿರಿ, ಅದು ನನಗೆ ತಿಳಿಯುತ್ತದೆ. ಅದಕ್ಕೇ ಈ ಕಾಗದ. ನೀವು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುವವರು, ಹಾಗಾಗಿ ದೊಡ್ಡದಾಗಿ, ಸಾಲು ಬಿಟ್ಟು ಬರೆದಿದ್ದೇನೆ. ಎರಡು ದಿನ ಹಿಡಿದರೂ ಪರವಾಗಿಲ್ಲ. ನಿಮ್ಮ ಮಗ ಶರಣು ಕೇಳಿದರೆ ಅವರಿಗೂ ಕೊಡಿ. ಇದರಲ್ಲಿರುವುದು ನಿಮಗಿಬ್ಬರಿಗೂ ಬಹುಪಾಲು ಗೊತ್ತಿರುವುದೇ. ಆದರೂ ನನ್ನ ಬಾಯಿಂದ ಮೊದಲಿನಿಂದ ಕೊನೆಯವರೆಗೆ ನೀವು ಒಂದು ಸಲ ಕೇಳಬೇಕು ಅನ್ನಿಸಿದೆ.

ಮಗಳು ಶ್ರಾವ್ಯಾ ಪಕ್ಕದಲ್ಲೇ ಮಲಗಿದ್ದಾಳೆ. ಮಧ್ಯಾಹ್ನದ ಹೊತ್ತು, ಫ್ಯಾನು ತಿರುಗಿದರೂ ಸೆಕೆ. ನೀವು ಅವಳ ಹೆಸರನ್ನು "ಶಾವಿ" ಎಂದು ಕರೆಯುತ್ತಿದ್ದಿರಿ. ಈಗ ನಾನು ಶ್ರಾವ್ಯಾ ಎಂದರೆ ಅವಳು ತಿರುಗಿಯೇ ನೋಡುವುದಿಲ್ಲ.

ನಿಮ್ಮ ಮನೆಗೆ ಮೊದಲು ಬಂದ ದಿನ ನಾನು ನಿಮ್ಮನ್ನು "ಮಾಮಿ" ಎಂದು ಕರೆದೆ. ನಮ್ಮ ತುಳುವಿನಲ್ಲಿ ಅತ್ತೆಗೆ ಹಾಗೆಯೇ ಅನ್ನುವುದು. ನೀವು ನಕ್ಕಿರಿ. "ಮಾಮಿ ಅಂದ್ರ ಬ್ಯಾರೆ ಯಾರನ್ನೋ ಕರದಂಗ ಆಕ್ಕತಿ. ಅತ್ತಿ ಅನ್ನು, ಇಲ್ಲಾಂದ್ರ ಯವ್ವಾ ಅನ್ನು" ಎಂದಿರಿ. ಫೋರ್ಟಿನ ಉಡುಪಿ ಹೋಟೆಲೊಂದರ ಕ್ಯಾಶಿನಲ್ಲಿ ಮೂವತ್ತು ವರ್ಷ ಕೂತ ನನ್ನ ಅಪ್ಪ, ಮುದ್ದೇಬಿಹಾಳದ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡಿದವರ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದರು. ಮದುವೆಗೆ ಅಣ್ಣ ಒಬ್ಬನೇ ಬಂದ. ಅಮ್ಮ ಮಾಡಬೇಕಾದ ಶಾಸ್ತ್ರಗಳನ್ನೂ ನೀವೇ ಮಾಡಿದಿರಿ. ಆಂಟಾಪ್ ಹಿಲ್ಲಿನ ಆ ಎರಡು ಖೋಲಿಯಲ್ಲಿ ಎಂಟು ವರ್ಷ ನಾವು ಒಟ್ಟಿಗಿದ್ದೆವು. ನಿಮ್ಮ ಭಾಷೆ ನನಗೆ ಬರಲು ಒಂದು ವರ್ಷ ಹಿಡಿಯಿತು. ನನ್ನ ಡ್ಯೂಟಿಯ ಲೆಕ್ಕ ನಿಮಗೆ ಒಂದೇ ವಾರದಲ್ಲಿ ಬಾಯಿಪಾಠವಾಗಿತ್ತು.

ಆ ಬೆಳಗಿನ ಮಾತನ್ನು ಈಗ ಬರೆಯಲೇಬೇಕು. ಶಾವಿಗೆ ಆಗ ಮೂರೂವರೆ ವರ್ಷ. ನಾನು ಲ್ಯಾಬಿನ ರಾತ್ರಿಪಾಳಿ ಮುಗಿಸಿ ಮನೆಗೆ ಬಂದಿದ್ದೆ, ಶರಣು ಸೈಟಿಗೆ ಹೋಗಿದ್ದರು, ನೀವು ತರಕಾರಿಗೆಂದು ಕೆಳಗಿಳಿದಿದ್ದಿರಿ. ಬಕೆಟಿನಲ್ಲಿ ರಾಡ್ ಇಟ್ಟು ನೀರು ಕಾಯಿಸಿದೆ. ರಾಡ್ ತೆಗೆದೆ, ಬಕೆಟನ್ನು ಬಚ್ಚಲಿನ ಬಾಗಿಲಲ್ಲಿ ಇಟ್ಟೆ, ತಣ್ಣೀರು ಬೆರೆಸುವ ಮೊದಲು ಒಂದು ನಿಮಿಷ ಗೋಡೆಗೆ ಒರಗಿ ಕೂತೆ. ಕಣ್ಣು ಮುಚ್ಚಿದ್ದು ನೆನಪಿದೆ. ಅವಳ ಕಿರುಚಾಟ ನೆನಪಿದೆ. ನಡುವೆ ಏನೂ ನೆನಪಿಲ್ಲ. ನೀವು ಯಾವಾಗ ಬಂದಿರಿ, ಹೇಗೆ ಅವಳನ್ನು ನಲ್ಲಿಯ ಕೆಳಗೆ ಹಿಡಿದಿರಿ, ಯಾವ ಟ್ಯಾಕ್ಸಿಯಲ್ಲಿ ಹೋದೆವು, ಒಂದೂ ಗೊತ್ತಿಲ್ಲ. ಎಡಗೈ ಭುಜದವರೆಗೆ ಸುಟ್ಟಿತ್ತು. ಆಸ್ಪತ್ರೆಗೆ ಓಡಿ ಬಂದ ಶರಣು "ಹೆಂಗಾತು?" ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನೀವು ಹೇಳಿಬಿಟ್ಟಿರಿ: "ನನ್ನ ಕೈಯಾಗಿಂದ ಚಂಬು ಜಾರಿತಪಾ."

ಅವರು ನಿಮ್ಮ ಮೇಲೆ ದನಿ ಎತ್ತಿದ್ದು ಅದೇ ಮೊದಲಂತೆ. ವಾರ್ಡಿನ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಒಂದು ವರ್ಷ ನಿಮ್ಮ ಕೈಯಲ್ಲಿ ಮಗುವಿಗೆ ಸ್ನಾನ ಮಾಡಿಸಲು ಬಿಡಲಿಲ್ಲ. ಹೆಣ್ಣುಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವುದು ನಿಮಗೆ ಎಷ್ಟು ಇಷ್ಟದ ಕೆಲಸ ಎನ್ನುವುದು ನನಗೆ ಗೊತ್ತಿತ್ತು. ಬಚ್ಚಲಿನ ಹೊರಗೆ ಟವೆಲು ಹಿಡಿದು ನಿಲ್ಲುತ್ತಿದ್ದಿರಿ. ನಾನು ಒಳಗಿಂದ ಮಗುವನ್ನು ನಿಮ್ಮ ಕೈಗೆ ಕೊಡುತ್ತಿದ್ದೆ, ನಿಮ್ಮ ಮುಖ ನೋಡುತ್ತಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡು ಮೂರು ವರ್ಷ ಕಳೆದೆ. ಹೇಳಿದರೆ ನನ್ನ ಕೆಲಸ ಬಿಡಿಸುತ್ತಾರೆ ಎನ್ನುವ ಭಯವಿತ್ತು. ನೀವೂ ಆ ಮಾತನ್ನು ಎತ್ತಲಿಲ್ಲ.

ಶರಣು ಕೆಟ್ಟವರಲ್ಲ, ಅತ್ತೆ. ಕೋರ್ಟಿನ ಕಾಗದಗಳಲ್ಲಿ ಏನೇ ಬರೆಸಿದ್ದರೂ ನಿಮ್ಮೆದುರು ಇದನ್ನು ಹೇಳಬಲ್ಲೆ. ಅವರು ಕುಡಿಯಲಿಲ್ಲ, ಕೈಯೆತ್ತಲಿಲ್ಲ. ಆದರೆ ನನ್ನ ಡ್ಯೂಟಿ ಅವರ ತಲೆಯೊಳಗೆ ಹುಳವಾಗಿ ಹೊಕ್ಕಿತು. ಮೊದಲು ಲ್ಯಾಬಿನ ಫೋನಿಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದರು. ಆಮೇಲೆ ನನ್ನ ಮೊಬೈಲು ತೆಗೆದು ನೋಡುವುದು. ಆಮೇಲೆ ಆಸ್ಪತ್ರೆಗೇ ಬರುವುದು. ನವೆಂಬರ್ ಇಪ್ಪತ್ತಾರರ ಬೆಳಿಗ್ಗೆ ಬಂದದ್ದು ಮೂರನೆಯ ಸಲ. ರಕ್ತ ಕೊಡಲು ಬಂದ ಪೇಷೆಂಟುಗಳು ಸಾಲಿನಲ್ಲಿ ನಿಂತಿದ್ದಾಗ ಕೌಂಟರಿನ ಮೇಲೆ ಕೈಯೂರಿ, ನನ್ನ ಜೊತೆ ಕೆಲಸ ಮಾಡುವ ಮನೀಶನನ್ನು ತೋರಿಸಿ, "ಇವನ ಜೋಡಿ ಏನ್ ನಗೂದು?" ಎಂದು ಕೂಗಿದರು. ಮನೀಶ ನನಗಿಂತ ಹತ್ತು ವರ್ಷ ಚಿಕ್ಕವನು, ಭಾಷೆ ತಿಳಿಯದೆ ನನ್ನ ಮುಖ ನೋಡಿದ. ಆಗ ನಾನು ಒಬ್ಬ ಅಜ್ಜನ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಅದನ್ನು ಬಿಚ್ಚಿ, ಮತ್ತೆ ಕಟ್ಟಿದೆ. ಪಾಳಿ ಮುಗಿದ ಮೇಲೆ ಆಂಟಾಪ್ ಹಿಲ್ಲಿನ ಬಸ್ಸು ಹತ್ತಲಿಲ್ಲ. ಯೂನಿಫಾರ್ಮಿನಲ್ಲೇ ಲೋಕಲ್ ಹಿಡಿದು ಘಾಟಕೋಪರಿನ ಅಣ್ಣನ ಮನೆಗೆ ಹೋದೆ. ಮಗು ನಿಮ್ಮ ಬಳಿ ಇದೆ, ನಾಳೆ ಹೋಗಿ ಕರೆದುಕೊಂಡು ಬರುವುದು ಎಂದುಕೊಂಡೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಮರುದಿನ ಬಂದರೆ ಬಾಗಿಲಿಗೆ ಬೀಗ. ಎಲ್ಲರೂ ಕುರ್ಲಾದ ಶೈಲಾಳ ಮನೆಗೆ ಹೋಗಿದ್ದಾರೆ ಎಂದು ಶರಣವ್ವ ಹೇಳಿದಳು. ಅಲ್ಲಿಗೆ ಓಡಿದೆ. ನಿಮ್ಮ ಮಗಳು ಬಾಗಿಲನ್ನು ಅರ್ಧ ತೆರೆದು, "ನೀನಾಗೇ ಬಿಟ್ಟು ಹೋದಿ ವೈನಿ, ಈಗ್ಯಾಕ ಬಂದಿ? ಅಣ್ಣ ಯಾರನ್ನೂ ಒಳಗ ಬಿಡಬ್ಯಾಡ ಅಂದಾನ" ಎಂದಳು. ಒಳಗೆ ಶಾವಿಯ ದನಿ ಕೇಳಿಸಿತು. ನಾನು ಅವಳ ಹೆಸರು ಹಿಡಿದು ಕೂಗಿದೆ. ಅಷ್ಟರಲ್ಲಿ ಯಾರೋ ಟಿವಿಯ ಸದ್ದನ್ನು ಹೆಚ್ಚು ಮಾಡಿದರು. ಆ ಚಾಳಿನ ಮೆಟ್ಟಿಲಲ್ಲಿ ನಾನು ಸಂಜೆಯವರೆಗೂ ಕೂತಿದ್ದೆ. ಹಾಗೆ ಕೂತಾಗಲೇ, ಇನ್ನು ಬೇಡಿಕೊಂಡು ಪ್ರಯೋಜನವಿಲ್ಲ, ಕೋರ್ಟಿಗೇ ಹೋಗಬೇಕು ಎಂದು ತೀರ್ಮಾನಿಸಿದೆ.

ವಕೀಲೆ ಶೀತಲ ಮೇಡಂ ಒಳ್ಳೆಯವರು, ಕೆಲಸ ಬಲ್ಲವರು. ಅವರು ಬಿಡಿಸಿ ಹೇಳಿದರು: ಡಿವೋರ್ಸಿನ ಕೇಸು ಮುಗಿಯಲು ಎಷ್ಟು ವರ್ಷ ಹಿಡಿಯುತ್ತದೋ ಯಾರೂ ಹೇಳಲಾರರು. ಅಲ್ಲಿಯವರೆಗೆ ಮಗು ಯಾರ ಬಳಿ ಇರಬೇಕು ಎನ್ನುವುದಕ್ಕೆ ಬೇರೆ ಅರ್ಜಿ ಹಾಕಬೇಕು, ಅದಕ್ಕೆ ತಾತ್ಕಾಲಿಕ ಕಸ್ಟಡಿ ಅನ್ನುತ್ತಾರೆ. ತಾತ್ಕಾಲಿಕ ಎಂದರೂ ಅದೇ ಮುಖ್ಯ, ಮಗು ಒಮ್ಮೆ ಒಂದು ಮನೆಗೆ ಹೊಂದಿಕೊಂಡಿತೆಂದರೆ ಆಮೇಲೆ ಕದಲಿಸುವುದು ಕಷ್ಟ. "ಅವರು ಏನು ಹೇಳುತ್ತಾರೆ? ತಾಯಿ ಬಿಟ್ಟು ಹೋದಳು, ಅಜ್ಜಿ ಸಾಕುತ್ತಿದ್ದಾಳೆ ಎನ್ನುತ್ತಾರೆ. ಹಾಗಾದರೆ ಆ ಅಜ್ಜಿಯಿಂದ ಆಗುವುದಿಲ್ಲ ಎಂದು ನಾವು ತೋರಿಸಬೇಕು" ಎಂದು ಹೇಳಿ ಪೆನ್ನು ಹಿಡಿದು ನನ್ನ ಮುಖ ನೋಡಿದರು. "ಎಂದಾದರೂ ಬಿದ್ದದ್ದು, ಪೆಟ್ಟಾದದ್ದು ಇದೆಯಾ?" ಅರ್ಜಿಯ ಫಾರ್ಮಿನಲ್ಲಿ, ಮಗುವಿನ ಮೈಮೇಲಿನ ಗುರುತುಗಳ ಕಾಲಮಿನಲ್ಲಿ ನಾನು ಆಗಲೇ ಎಡಗೈಯ ಸುಟ್ಟ ಕಲೆಯನ್ನು ಬರೆದಿದ್ದೆ. ಅವರ ಬೆರಳು ಅಲ್ಲಿಗೇ ಬಂದು ನಿಂತಿತು. ಆಸ್ಪತ್ರೆಯ ಹಳೆಯ ಪೇಪರು ಇದೆಯೇ ಎಂದರು. ಇತ್ತು. ನೀವು ಹೇಳಿದ್ದನ್ನೇ ಡಾಕ್ಟರು ಅದರಲ್ಲಿ ಬರೆದಿದ್ದರು: ಅಜ್ಜಿಯ ಕೈಯಿಂದ ಬಿಸಿನೀರು ಚೆಲ್ಲಿ.

ಅದು ಅಫಿಡವಿಟ್ಟಿನ ಹನ್ನೊಂದನೆಯ ಪ್ಯಾರಾ ಆಯಿತು. ಟೈಪಾಗಿ ಬಂದಾಗ ಓದಿದೆ. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. "ಇದು ಹಾಗಲ್ಲ ಮೇಡಂ" ಎನ್ನಲು ನನಗೆ ಪೂರ್ತಿ ಹತ್ತು ನಿಮಿಷವಿತ್ತು. ಕುರ್ಲಾದ ಆ ಅರ್ಧ ಬಾಗಿಲು ಕಣ್ಣ ಮುಂದಿತ್ತು, ಟಿವಿಯ ಸದ್ದು ಕಿವಿಯಲ್ಲಿತ್ತು. ಸಹಿ ಹಾಕಿದೆ. ಪ್ರತಿ ಪುಟದ ಕೆಳಗೂ ಹಾಕಿದೆ.

ಅದಾದ ಹತ್ತು ದಿನಕ್ಕೆ ಕೋರ್ಟು ಮಗುವನ್ನು ನೋಡಲು ನನಗೆ ಅನುಮತಿ ಕೊಟ್ಟಿತು. ಹದಿನೈದು ದಿನಕ್ಕೊಮ್ಮೆ ಶನಿವಾರ, ಬಾಂದ್ರಾದ ಕೋರ್ಟಿನಲ್ಲಿ ಮಕ್ಕಳಿಗೆಂದು ಇಟ್ಟ ಕೋಣೆಯಲ್ಲಿ ಒಂದು ಗಂಟೆ. ಶರಣುವಿಗೆ ಸೈಟು, ಶೈಲಾಗೆ ಮನೆ, ಹಾಗಾಗಿ ಮಗುವನ್ನು ಕರೆತರುವ ಕೆಲಸ ನಿಮ್ಮ ಪಾಲಿಗೆ ಬಂತು. ಮೊದಲ ಶನಿವಾರ ಶಾವಿ ನನ್ನನ್ನು ನೋಡಿ ಓಡಿ ಬರಲಿಲ್ಲ. ನಿಮ್ಮ ಸೀರೆಯ ಹಿಂದೆ ನಿಂತು, "ತುಮ್ ಡ್ಯೂಟಿ ಸೆ ಇತ್ನಾ ಲೇಟ್ ಕ್ಯೂ ಆಯೀ?" ಎಂದು ಹಿಂದಿಯಲ್ಲಿ, ಡ್ಯೂಟಿಯಿಂದ ಬರಲು ಯಾಕಿಷ್ಟು ತಡ ಎಂದು ಕೇಳಿದಳು. ಇಪ್ಪತ್ತನಾಲ್ಕು ದಿನವಾಗಿತ್ತು. ಅಮ್ಮನಿಗೆ ಡ್ಯೂಟಿ ಬಹಳ ದಿನದ್ದು ಎಂದು ನೀವು ಅವಳಿಗೆ ಹೇಳಿದ್ದಿರಂತೆ. ಬಿಟ್ಟು ಹೋದಳು ಎಂದು ಹೇಳಿರಲಿಲ್ಲ.

ಒಂದು ಗಂಟೆ ಮುಗಿದ ಮೇಲೆ ನೀವು ಹೊರಗಿನ ಬೆಂಚಿನಲ್ಲಿ ಚೀಲ ಬಿಚ್ಚಿ ನನಗೂ ಒಂದು ಡಬ್ಬಿ ತೆಗೆದಿರಿ. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ. "ಸೊರಗಿದಿ ನೋಡು. ತಿನ್ನು ಮೊದ್ಲ" ಎಂದಿರಿ. ನಾನು ರೊಟ್ಟಿಯ ಒಂದು ತುಂಡು ಮುರಿದು ಹಾಗೆಯೇ ಇಟ್ಟೆ. ಹನ್ನೊಂದನೆಯ ಪ್ಯಾರಾ ನಿಮಗಿನ್ನೂ ತಿಳಿದಿರಲಿಲ್ಲ. ಎದುರಿನ ಗಾಜಿನ ಕಟ್ಟಡಗಳನ್ನು ತೋರಿಸಿ, ಆ ಕಡೆಯ ಒಂದು ಬಿಲ್ಡಿಂಗಿಗೆ ನೀವೂ ಮಾವನವರೂ ಜಲ್ಲಿ ಖಡಿ ಹೊತ್ತದ್ದನ್ನು ಹೇಳಿದಿರಿ. ಆಗ ಇಲ್ಲೆಲ್ಲ ಕೆಸರೇ ಇತ್ತಂತೆ. ಕುರ್ಲಾದ ಬಾಗಿಲ ಮಾತನ್ನೂ ನೀವೇ ಎತ್ತಿದಿರಿ. "ಅವತ್ತ ಟಿವಿ ದೊಡ್ಡದು ಮಾಡಿದಾಕಿ ನಾನವಾ. ನಿನ್ನ ದನಿ ಕೇಳಿ ಕೂಸು ಅತ್ತೀತಂತ ಮಾಡಿದೆ. ಸಿಟ್ಟಾಗಬ್ಯಾಡ." ನೀವು ಅಷ್ಟನ್ನು ಒಪ್ಪಿಕೊಂಡಿರಿ. ನಾನು ಮಾತ್ರ ಡಬ್ಬಿಯ ಮುಚ್ಚಳ ಹಾಕಿ ಕೊಟ್ಟೆ. ಇನ್ನೂ ಎರಡು ಶನಿವಾರ ಹೀಗೆಯೇ ಹೋಯಿತು. ಎರಡರಲ್ಲೂ ನೀವು ತಂದದ್ದನ್ನು ತಿಂದೆ.

ಆಮೇಲೆ ಕೋರ್ಟಿನ ಕೌನ್ಸೆಲರ್ ಬಾಯಿ ನಮ್ಮೆಲ್ಲರನ್ನೂ ಕರೆಸಿದರು. ಮಗು ಯಾರ ಬಳಿ ಹೇಗಿದೆ ಎಂದು ವಿಚಾರಿಸಿ ಜಡ್ಜಿಗೆ ವರದಿ ಕೊಡುವವರು ಅವರು. ಆ ದಿನ ಶರಣು ಸೈಟಿನಿಂದ ಬರುವುದು ತಡವಾಯಿತು. ಕೌನ್ಸೆಲರಿಗೆ ಕನ್ನಡ ಬಾರದು, ನಿಮಗೆ ಹಿಂದಿ ಬಜಾರಿಗೆ ಸಾಲುವಷ್ಟೇ. ಅವರು ಫೈಲು ತಿರುವಿ ಒಂದು ಪುಟದಲ್ಲಿ ನಿಂತು, ನನ್ನತ್ತ ತಳ್ಳಿ, "ಇಲ್ಲಿ ನೀವು ಬರೆದದ್ದನ್ನು ನಿಮ್ಮ ಭಾಷೆಯಲ್ಲೇ ಇವರಿಗೆ ಹೇಳಿ, ಇವರು ಏನನ್ನುತ್ತಾರೆಂದು ನನಗೆ ಹೇಳಿ" ಎಂದರು.

ಅತ್ತೆ, ಹದಿನಾಲ್ಕು ವರ್ಷದಿಂದ ನಾನು ಜನರ ರಕ್ತ ತೆಗೆಯುತ್ತಿದ್ದೇನೆ, ಕೈ ಗಟ್ಟಿ. ಆದರೆ ಆ ನಾಲ್ಕು ಸಾಲನ್ನು ನಿಮ್ಮ ಮುಖ ನೋಡಿ ಕನ್ನಡದಲ್ಲಿ ಹೇಳುವಾಗ ನಾಲಿಗೆ ಹೊರಳಲಿಲ್ಲ. ಇಂಗ್ಲಿಷಿನಲ್ಲಿ ಅದು ಯಾರೋ ಬರೆದ ಕಾಗದದಂತೆ ಇತ್ತು. ಕನ್ನಡಕ್ಕೆ ಬಂದ ಕೂಡಲೇ ನನ್ನ ಮಾತಾಯಿತು. "ನಿಮ್ಮ ಕೈಯಿಂದ ಮಗುವಿನ ಮೇಲೆ ಬಿಸಿನೀರು ಬಿತ್ತು, ನಿಮ್ಮ ಹತ್ತಿರ ಮಗುವನ್ನು ಬಿಡುವುದು ಅಪಾಯ ಎಂದು ನಾನು ಬರೆದಿದ್ದೇನೆ" ಎಂದೆ.

ನಿಮಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, "ಹೌದು ಅಂತ ಹೇಳವಾ ಬಾಯಾರಿಗೆ" ಎಂದಿರಿ. ಮತ್ತೆ ನೀವೇ ಅವರತ್ತ ತಿರುಗಿ, "ಹಾಂ ಬಾಯಿ, ಮೇರೆ ಹಾತ್ ಸೆ ಹುವಾ" ಎಂದು, ನಿಮ್ಮ ಕೈಯಿಂದಲೇ ಆಯಿತೆಂದು ಒಪ್ಪಿಕೊಂಡಿರಿ.

ಕೌನ್ಸೆಲರ್ ಬರೆದುಕೊಳ್ಳತೊಡಗಿದರು. ಅವರ ಪೆನ್ನಿನ ಸದ್ದು ಕೇಳುತ್ತಿತ್ತು. ನಾನು ಇಷ್ಟು ಹೇಳಿದೆ: "ಅವರು ಹೌದು ಎನ್ನುತ್ತಿದ್ದಾರೆ. ಅದು ನಿಜವಲ್ಲ. ನೀರು ಕಾಯಿಸಿದವಳು ನಾನು, ನಿದ್ದೆ ಹೋದವಳು ನಾನು. ಅವರು ಆಗ ಮನೆಯಲ್ಲೇ ಇರಲಿಲ್ಲ." ಪೆನ್ನು ನಿಂತಿತು. "ನೀವು ಏನು ಹೇಳುತ್ತಿದ್ದೀರಿ ಎಂದು ನಿಮಗೆ ಗೊತ್ತಿದೆಯೇ?" ಎಂದು ಕೇಳಿದರು. ಗೊತ್ತಿದೆ ಎಂದೆ. ಸುಳ್ಳು ಅಫಿಡವಿಟ್ಟಿಗೆ ಸಹಿ ಹಾಕಿದ್ದೇನೆ, ಮಗು ಕೈತಪ್ಪಬಹುದು, ಎರಡೂ ಗೊತ್ತಿತ್ತು. ಧೈರ್ಯ ಬಂದು ಹೇಳಿದೆ ಎಂದು ನೀವು ತಿಳಿಯಬೇಡಿ. ನಿಮ್ಮ "ಹೌದು" ಎಂಬ ಮಾತನ್ನು ನನ್ನ ಬಾಯಿಂದ ಇನ್ನೊಂದು ಭಾಷೆಗೆ ದಾಟಿಸಲು ಆಗಲಿಲ್ಲ, ಅಷ್ಟೇ.

ಹೊರಗೆ ವರಾಂಡದಲ್ಲಿ ನೀವು ನನ್ನ ರಟ್ಟೆ ಹಿಡಿದು ನಿಲ್ಲಿಸಿದಿರಿ. ಆಗ ಬಂತು ನಿಮ್ಮ ಸಿಟ್ಟು. "ಯಾಕ ಹೇಳಿದಿ? ನಾ ಮುದುಕಿ, ನನಗೇನ್ ಆಗೂದಿತ್ತು? ನಿನ್ನ ಕೂಸು ನಿನ್ನ ಕೈಗೆ ಬರ್ತಿತ್ತಲ್ಲ ಹುಚ್ಚಿ!" ನಾನು ಅಳುತ್ತಾ, ಆ ದಿನ ಆಸ್ಪತ್ರೆಯಲ್ಲಿ ನೀವು ಯಾಕೆ ನನ್ನ ತಪ್ಪನ್ನು ಹೊತ್ತುಕೊಂಡಿರಿ ಎಂದು ಕೇಳಿದೆ. ಮೂರು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ. ನೀವು ಬೆಂಚಿನಲ್ಲಿ ಕೂತು ಹೇಳಿದಿರಿ. ಶರಣುವಿಗೆ ನಾಲ್ಕು ವರ್ಷವಿದ್ದಾಗ, ಇದೇ ಕಡೆಯ ಸೈಟಿನಲ್ಲಿ, ಮಧ್ಯಾಹ್ನದ ರೊಟ್ಟಿ ತಿಂದು ನೀವು ಮರಳಿನ ಗುಡ್ಡೆಗೆ ಒರಗಿದ್ದಿರಿ. ಎಚ್ಚರವಾಗುವಷ್ಟರಲ್ಲಿ ಅವರು ಸಾರುವೆ ಹತ್ತಿ ಬಿದ್ದು ಮುಂಗೈ ಮುರಿದುಕೊಂಡಿದ್ದರು. ಮಾವನವರು ಎಲ್ಲ ಕೂಲಿಯವರ ಎದುರು ನಿಮಗೆ ಬೈದರು. "ನಸಿಕಿನ್ಯಾಗ ಎದ್ದು ಖಡಿ ಹೊತ್ತಾಕಿ ನಾನು. ಆಕಿಗೆ ನಿದ್ದಿ ಹತ್ತೈತಿ, ಏನ್ ಮಾಡ್ಯಾಳು ಅಂತ ಒಬ್ಬರರ ಅನಬೇಕಾಗಿತ್ತವಾ. ಯಾರೂ ಅನಲಿಲ್ಲ. ನೀ ಅವತ್ತ ಗ್ವಾಡಿ ಹಿಡದು ನಿಂತಿದ್ದಿ ನೋಡು, ನನಗ ಅದಽ ನೆನಪಾತು."

ಶರಣು ಬಂದದ್ದು ಆಗಲೇ. ಹೆಲ್ಮೆಟ್ಟು ಕೈಯಲ್ಲೇ ಇತ್ತು. ಇನ್ನು ಬಚ್ಚಿಡುವುದು ಏನೂ ಇರಲಿಲ್ಲ, ನಾನೇ ಹೇಳಿದೆ. ಅವರು ನನ್ನನ್ನು ಏನೂ ಕೇಳಲಿಲ್ಲ. ನಿಮ್ಮ ಕಡೆ ತಿರುಗಿ, "ಯವ್ವಾ, ಖರೇನ?" ಎಂದರು. "ಮುಗದ ಮಾತು ಬಿಡಪಾ" ಎಂದಿರಿ ನೀವು. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಒಂದು ವರ್ಷ ಯವ್ವನ ಕೈಲೆ ಕೂಸಿಗೆ ಎರಿಯಾಕ ಬಿಡಲಿಲ್ಲ ನಾನು" ಎಂದು ತಮಗೆ ತಾವೇ ಹೇಳಿಕೊಂಡರು. ನನ್ನ ಮೇಲಿನ ಅವರ ಸಿಟ್ಟಿಗೆ ಆ ದಿನ ಒಂದು ನ್ಯಾಯವಾದ ಕಾರಣ ಸಿಕ್ಕಿತು ಎಂದು ನಾನು ಒಪ್ಪಿಕೊಳ್ಳುತ್ತೇನೆ.

ಶೀತಲ ಮೇಡಂ ನನ್ನ ಮೇಲೆ ಎರಡು ದಿನ ಮುನಿಸಿಕೊಂಡಿದ್ದರು. ಆಮೇಲೆ ಹನ್ನೊಂದನೆಯ ಪ್ಯಾರಾವನ್ನು ಹಿಂದಕ್ಕೆ ತೆಗೆದುಕೊಳ್ಳುವ ಇನ್ನೊಂದು ಅಫಿಡವಿಟ್ಟು ಅವರೇ ಬರೆದರು. ಎದುರು ಕಡೆಯ ವಕೀಲರು ಅದನ್ನು ಎತ್ತಿ ಹಿಡಿದು, ಈ ತಾಯಿ ನಿದ್ದೆ ಮಾಡುತ್ತಾಳೆ, ಮಗು ಸುಡುತ್ತದೆ, ಮೂರು ವರ್ಷ ಮುಚ್ಚಿಡುತ್ತಾಳೆ, ಕೋರ್ಟಿನ ಮುಂದೆಯೂ ಸುಳ್ಳು ಹೇಳುತ್ತಾಳೆ ಎಂದರು. ಜಡ್ಜ್ ಮೇಡಂ ನನ್ನನ್ನೇ ಕೇಳಿದರು, ಇದಕ್ಕೆ ಏನು ಹೇಳುತ್ತೀರಿ ಎಂದು. ಅವರು ಹೇಳಿದ್ದೆಲ್ಲ ನಿಜ ಎಂದೆ. ಆಮೇಲೆ ಶಾವಿಯನ್ನು ಒಬ್ಬಳನ್ನೇ ಅವರ ಕೋಣೆಗೆ ಕರೆದುಕೊಂಡು ಹೋದರು. ಹತ್ತು ನಿಮಿಷ. ಹೊರಬಂದವಳ ಕೈಯಲ್ಲಿ ಒಂದು ಚಾಕಲೇಟ್ ಇತ್ತು. ಏನು ಕೇಳಿದರು ಎಂದು ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ.

ಫೆಬ್ರವರಿ ಹದಿಮೂರಕ್ಕೆ ಆರ್ಡರ್ ಬಂತು. ಮುಖ್ಯ ಕೇಸು ಮುಗಿಯುವವರೆಗೆ ಮಗು ತಾಯಿಯ ಬಳಿ, ತಿಂಗಳಲ್ಲಿ ಎರಡು ಶನಿವಾರ ಭಾನುವಾರ ತಂದೆಯ ಬಳಿ. ಕಾರಣಗಳೆಲ್ಲ ಸಾಧಾರಣದವು. ಆರು ವರ್ಷದ ಹೆಣ್ಣುಮಗು. ಕುರ್ಲಾದಲ್ಲಿದ್ದಾಗ ಇಪ್ಪತ್ತು ದಿನ ಶಾಲೆ ತಪ್ಪಿದೆ. ತಾಯಿ ಹಗಲು ಪಾಳಿಗೆ ಬದಲಾಯಿಸಿಕೊಂಡು, ಶಾಲೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ಸುಟ್ಟ ಕಲೆಯ ಬಗ್ಗೆ ಒಂದೇ ಸಾಲು: ಅದು ಆಕಸ್ಮಿಕ, ಯಾರ ವಿರುದ್ಧವೂ ಅದನ್ನು ಹಿಡಿಯಬೇಕಾಗಿಲ್ಲ. ನಾನು ನಿಜ ಹೇಳಿದ್ದರಿಂದ ಮಗು ಸಿಕ್ಕಿತೋ, ಹೇಳಿದರೂ ಸಿಕ್ಕಿತೋ, ಇವತ್ತಿಗೂ ತಿಳಿಯದು. ತಿಳಿಯದಿರುವುದೇ ಒಳ್ಳೆಯದು ಅನ್ನಿಸುತ್ತದೆ.

ಹದಿನಾರನೆಯ ತಾರೀಖು ಸೋಮವಾರ, ಅದೇ ಮಕ್ಕಳ ಕೋಣೆಯ ಹೊರಗೆ, ನೀವು ಅವಳನ್ನು ಕರೆತಂದಿರಿ. ತಲೆಗೆ ಎಣ್ಣೆ ಹಾಕಿ, ಎರಡು ಜಡೆ ಹೆಣೆದು, ಹೂ ಮುಡಿಸಿದ್ದಿರಿ. ಚೀಲದಲ್ಲಿ ಮಡಿಸಿದ ಬಟ್ಟೆ, ಶಾಲೆಯ ಪುಸ್ತಕ, ಅವಳು ಹೊದ್ದು ಮಲಗುವ ನಿಮ್ಮ ಹಳೇ ಸೀರೆಯ ಕೌದಿ. ಎಂಬತ್ತೆರಡು ದಿನದಿಂದ ನಾನು ಕಾದ ಗಳಿಗೆ ಅದು. ಅವಳು ನಿಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು "ಅಜ್ಜಿ ನೀನೂ ಬಾ, ಅಜ್ಜಿ ನೀನೂ ಬಾ" ಎಂದು ಬೋರಾಡಿ ಅತ್ತಳು. ನೀವು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಿರಿ. "ಅವ್ವನ ಕೂಡ ಹೋಗವಾ, ನನ್ನ ಬಂಗಾರ" ಎಂದು ಅವಳನ್ನು ನನ್ನ ಸೊಂಟಕ್ಕೆ ಏರಿಸಿದಿರಿ. ಆಮೇಲೆ ಗೇಟು ದಾಟಿ ರಿಕ್ಷಾ ಹತ್ತಿದಿರಿ. ಒಮ್ಮೆಯೂ ಹಿಂದೆ ನೋಡಲಿಲ್ಲ. ನಾನು ಗೆದ್ದೆ ಎಂದು ಅಣ್ಣ ಪೇಡೆ ತಂದಿದ್ದ. ಅದನ್ನು ಯಾರೂ ತಿನ್ನಲಿಲ್ಲ.

ಆರ್ಡರಿನ ಆ ಪುಟಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ತಾಯಿ ಇದ್ದಾಳೆ, ತಂದೆ ಇದ್ದಾರೆ, ಶಾಲೆ ಇದೆ, ರಜೆಯ ದಿನಗಳೂ ಇವೆ. ನಿಮಗೆ ಮೊಮ್ಮಗಳು ಯಾವಾಗ ಸಿಗಬೇಕು ಎಂದು ಎಲ್ಲಿಯೂ ಇಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರೂ ಬರೆದಿಲ್ಲ. ಶನಿವಾರ ಅವಳು ತಂದೆಯ ಜೊತೆ ಬಂದಾಗ ಸಿಗುತ್ತಾಳೆ ಎನ್ನಬಹುದು. ಆದರೆ ಕಳೆದ ಎರಡು ಸಲವೂ ಶರಣು ಅವಳನ್ನು ಕುರ್ಲಾಕ್ಕೇ ಕರೆದುಕೊಂಡು ಹೋದರು, ನೀವು ಆಂಟಾಪ್ ಹಿಲ್ಲಿನಲ್ಲೇ ಇದ್ದಿರಿ ಎಂದು ಶರಣವ್ವ ಹೇಳಿದಳು. ತಾಯಿಯ ಮುಖ ನೋಡಲು ಅವರಿಗೆ ಇನ್ನೂ ಆಗುತ್ತಿಲ್ಲವೇನೋ. ಅದಕ್ಕೂ ಕಾರಣ ನಾನೇ.

ಶಾವಿ ಚೆನ್ನಾಗಿದ್ದಾಳೆ. ಮೊದಲ ವಾರ ಊಟಕ್ಕೆ ಕೂತರೆ "ಅಜ್ಜಿ ಮಾಡಿದಂಗ ಮಾಡು" ಎಂದು ತಟ್ಟೆ ತಳ್ಳುತ್ತಿದ್ದಳು. ನಾನು ತಟ್ಟಿದ ರೊಟ್ಟಿ ನೋಡಿ, "ಯೇ ತೋ ಇಂಡಿಯಾ ಕಾ ಮ್ಯಾಪ್ ಹೈ" ಎಂದು ನಕ್ಕಳು. ನಕ್ಕಳಲ್ಲ ಎಂದು ನನಗೆ ಸಮಾಧಾನವಾಯಿತು. ಸ್ನಾನಕ್ಕೆ ಕರೆದರೆ ಮಾತ್ರ ದಿನಾ ಕೇಳುತ್ತಾಳೆ, "ಅಜ್ಜಿ ಕಬ್ ಆಯೇಗಿ?" ಅಜ್ಜಿ ಬರುವುದು ಯಾವಾಗ ಎಂದು.

ಆದ್ದರಿಂದ ಹೋದ ವಾರ ಶೀತಲ ಮೇಡಂ ಹತ್ತಿರ ಹೋಗಿ, ಅಜ್ಜಿಗೆ ಮಗುವನ್ನು ನಾನೇ ಒಪ್ಪಿಸಬಹುದೇ ಎಂದು ಕೇಳಿದೆ. ಆರ್ಡರಿನಲ್ಲಿ ತಡೆ ಏನಿಲ್ಲ ಎಂದರು. "ಆದರೆ ಆಕೆ ಮಗುವನ್ನು ಸೀದಾ ಮಗನ ಹತ್ತಿರ ಕರೆದುಕೊಂಡು ಹೋದರೆ? ಮತ್ತೆ ಬೀಗ ಬಿದ್ದರೆ? ನಾನು ವಕೀಲೆಯಾಗಿ ಬೇಡ ಎನ್ನುತ್ತೇನೆ" ಎಂದರು. ಅವರ ಮಾತು ತಪ್ಪಲ್ಲ. ಎರಡು ದಿನ ಯೋಚಿಸಿದೆ, ಭಯವೂ ಆಯಿತು, ಸುಳ್ಳು ಹೇಳುವುದಿಲ್ಲ. ಕೊನೆಗೆ ನನಗೆ ಕಂಡದ್ದು ಇಷ್ಟು: ಯಾರ ಕೈ ಅಪಾಯ ಎಂದು ನಾನು ಕಾಗದದಲ್ಲಿ ಬರೆದೆನೋ, ಆ ಕೈಗೇ ನಾನು ಮಗುವನ್ನು ಕೊಡಬೇಕು. ಪ್ಯಾರಾ ಹಿಂದಕ್ಕೆ ತೆಗೆದುಕೊಂಡೆ ಎಂದು ಕೋರ್ಟಿಗೆ ಹೇಳಿದ್ದು ಸಾಲದು.

ನನಗೆ ಮಗು ನೋಡಿಕೊಳ್ಳುವವರು ಬೇಕಾಗಿ ಕರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಮದುವೆಗೆ ಬಾರದ ಅಮ್ಮ ಈಗ ಘಾಟಕೋಪರಿನಿಂದ ದಿನವೂ ಬರುತ್ತಾಳೆ. ಬುಧವಾರ ಮಾತ್ರ ಬರಬೇಡ ಎಂದು ಹೇಳಿದ್ದೇನೆ. ಶಾಲೆಯಲ್ಲಿ ಮಗುವನ್ನು ಕರೆದೊಯ್ಯುವವರ ಫೋಟೋ ಇರುವ ಒಂದು ಕಾರ್ಡು ಮಾಡುತ್ತಾರೆ, ಅದಿಲ್ಲದೆ ಗೇಟಿನಿಂದ ಬಿಡುವುದಿಲ್ಲ. ಶಾವಿಯ ಹುಟ್ಟುಹಬ್ಬದ ಫೋಟೋದಿಂದ ನಿಮ್ಮ ಮುಖ ತೆಗೆಸಿ ಕೊಟ್ಟೆ. ಹೆಸರಿನ ಮುಂದೆ ಹಾಲವ್ವ ಬಂಡೆಪ್ಪ ಎಂದೂ, ಸಂಬಂಧ ಎಂಬಲ್ಲಿ ಅಜ್ಜಿ ಎಂದೂ ಬರೆಸಿದೆ. ಕಾರ್ಡು ಈ ಲಕೋಟೆಯೊಳಗೇ ಇದೆ. ಅದರ ಜೊತೆಗೆ 'ಕೀ' ಎಂದು ಬರೆದ ಚೀಟಿಯಲ್ಲಿ ಸುತ್ತಿಟ್ಟದ್ದು ನನ್ನ ಖೋಲಿಯ ಬೀಗದ ಕೈ. ಬಚ್ಚಲಿನಲ್ಲಿ ಬಕೆಟು ಇದೆ, ಎಣ್ಣೆಯ ಬಾಟಲಿ ಕಿಟಕಿಯಲ್ಲಿದೆ. ನಾನು ಐದು ಗಂಟೆಗೆ ಬರುತ್ತೇನೆ. ಅಲ್ಲಿಯವರೆಗೆ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ನಾಳೆ ಈ ಕೇಸು ಯಾವ ಕಡೆಗೆ ತಿರುಗುತ್ತದೋ ನನಗೆ ಗೊತ್ತಿಲ್ಲ. ಶರಣುವಿನ ಜೊತೆ ಮತ್ತೆ ಒಂದೇ ಮನೆಯಲ್ಲಿ ಇರುತ್ತೇನೆ ಎಂದು ನಿಮಗೆ ಆಸೆ ಹುಟ್ಟಿಸಲಾರೆ. ಅವರು ಚೆನ್ನಾಗಿರಲಿ, ಮಗಳನ್ನು ಕಾಣುತ್ತಿರಲಿ, ತಾಯಿಯ ಜೊತೆ ಕೂತು ಉಣ್ಣಲಿ ಎಂದು ಮನಸಾರೆ ಬಯಸುತ್ತೇನೆ. ನೀವು ಮೊಣಕಾಲು ನೋಡಿಕೊಳ್ಳಿ. ಮೆಟ್ಟಿಲಿಳಿಯುವಾಗ ಕಠಡೆಯ ಕಂಬಿ ಹಿಡಿಯಿರಿ. ನನ್ನನ್ನು ಕ್ಷಮಿಸಿ ಎಂದು ಬರೆಯಲು ಮೂರು ಸಲ ಹೊರಟು ನಿಲ್ಲಿಸಿದೆ, ಇದು ನಾಲ್ಕನೆಯ ಸಲ: ಕ್ಷಮಿಸಿ, ಅತ್ತಿ. ನಿಮ್ಮ ಆಶೀರ್ವಾದ ನನ್ನ ಮೇಲೂ ಮಗುವಿನ ಮೇಲೂ ಇರಲಿ.

ಬುಧವಾರ ಹನ್ನೆರಡೂವರೆಗೆ ಶಾಲೆ ಬಿಡುತ್ತದೆ. ಗೇಟಿನ ಬಳಿ ನಾನು ಇರುವುದಿಲ್ಲ. ನೀವು ನಿಂತಿರಿ.

ಕೇಸು ಹೇಗೇ ಮುಗಿಯಲಿ, ಎಂದೆಂದಿಗೂ ನಿಮ್ಮ ಸೊಸೆ,
ವಿನೋದಿನಿ